ಸಿಸ್ಟಮ್ ಎಂಬ ಹೊಸ ಹಣೆಬರಹ

ನಮ್ಮ ಚಳವಳಿ ಹುಟ್ಟಿದಂದಿನಿಂದ ನಾವು ಅತಿ ಹೆಚ್ಚು ಬಳಸಿದ ಮಾತುಗಳಲ್ಲಿ 'ವ್ಯವಸ್ಥೆ' ಎಂಬುದೂ ಒಂದು. ಭಾಷಣದಲ್ಲಿ, ಕರಪತ್ರದಲ್ಲಿ, ಕವಿತೆಯಲ್ಲಿ, ಗೋಡೆಬರಹದಲ್ಲಿ ಅದನ್ನು ಬೈದಿದ್ದೇವೆ. ಜಾತಿ, ಜಮೀನು, ಮಠ, ಠಾಣೆ, ಕಛೇರಿ ಇವೆಲ್ಲ ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಏರ್ಪಾಡಿಗೆ ನಾವಿಟ್ಟ ಹೆಸರು ಅದು. ಈಗ ಅದೇ ಪದ ಇಂಗ್ಲಿಷಿನ ವೇಷ ತೊಟ್ಟು ನಮ್ಮೆದುರಿಗೆ ನಿಂತಿದೆ. ಬ್ಯಾಂಕಿನ ಕಿಟಕಿಯಲ್ಲಿ, ಫ್ಯಾಕ್ಟರಿಯ ಗೇಟಿನಲ್ಲಿ, ವಿಮಾ ಕಂಪನಿಯ ಫೋನಿನಲ್ಲಿ ಸಿಗುವುದು ಒಂದೇ ಉತ್ತರ. "ಸಿಸ್ಟಮ್ ತಗೋತಾ ಇಲ್ಲಮ್ಮ." "ಸಿಸ್ಟಮ್ನಾಗೆ ಹಂಗೇ ತೋರಿಸ್ತದೆ, ನಾವೇನ್ ಮಾಡಾಣ?"

ಈ ಮಾತು ಹೇಳುವವನು ಕೆಟ್ಟವನೇನಲ್ಲ. ಅವನೂ ಸಂಬಳಕ್ಕೆ ದುಡಿಯುವವನೇ. ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುತ್ತಾನೆ. ಅವನ ಮೇಲಿನವನನ್ನು ಕೇಳಿದರೆ ಅವನೂ ಅದನ್ನೇ ಓದುತ್ತಾನೆ. ಹೀಗೆ ಮೆಟ್ಟಿಲು ಹತ್ತಿ ಹೋದರೆ ತುದಿಯಲ್ಲಿ ಯಾರೂ ಸಿಗುವುದಿಲ್ಲ. ನಮ್ಮ ಅಜ್ಜಂದಿರಿಗೆ ಸಿಗುತ್ತಿದ್ದ ಉತ್ತರವೂ ಇದೇ ಜಾತಿಯದು. "ನಿನ್ನ ಹಣೇಲಿ ಬರೆದೈತೆ ಕಣ್ಲಾ, ನಾನೇನು ಮಾಡ್ಲಿ?" ಕೆರೆ ಮುಟ್ಟಬೇಡ ಎಂದವನು ತಾನಲ್ಲ, ಬ್ರಹ್ಮ. ಕೂಲಿ ಕಡಿಮೆ ಕೊಟ್ಟವನು ತಾನಲ್ಲ, ಹೋದ ಜನ್ಮದ ಕರ್ಮ. ಅನ್ಯಾಯ ಕಣ್ಣೆದುರಿಗೆ ಇರುತ್ತದೆ, ಅನ್ಯಾಯ ಮಾಡಿದವನು ಮಾತ್ರ ಎಲ್ಲೂ ಇರುವುದಿಲ್ಲ. ಸಾವಿರಾರು ವರ್ಷ ನಮ್ಮನ್ನು ಆಳಿದ ಜಾಣತನ ಇದೇ.

ಈಗ ಕಂಪನಿಗಳೆಲ್ಲ 'ಡಿಜಿಟಲ್ ಪರಿವರ್ತನೆ' ಎಂಬ ಮಂತ್ರ ಹೇಳುತ್ತಿವೆ. ಲೆಕ್ಕ, ಹಾಜರಿ, ಸಂಬಳ, ಸರಕು, ನೇಮಕ, ವಜಾ ಎಲ್ಲವನ್ನೂ ಸಾಫ್ಟ್‌ವೇರಿಗೆ ಒಪ್ಪಿಸುತ್ತಿವೆ. ಅದರ ಮೇಲೆ ಕೃತಕ ಬುದ್ಧಿಮತ್ತೆಯನ್ನು ತಂದು ಕೂರಿಸುತ್ತಿವೆ. ಇದರಿಂದ ಲಾಭ ಎಷ್ಟು, ಕೆಲಸ ಹೋಗುವವರು ಎಷ್ಟು ಎಂಬ ಚರ್ಚೆಯನ್ನು ಪತ್ರಿಕೆಗಳು ನಡೆಸುತ್ತಲೇ ಇವೆ. ನಾವು ಕೇಳಬೇಕೆಂದಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಯಂತ್ರ ಬರೆದದ್ದು ಸುಳ್ಳಾದಾಗ ಹೊಣೆ ಯಾರದು? ಯಂತ್ರದ ಮಾತಿಗೂ ಮನುಷ್ಯನ ಮಾತಿಗೂ ಜಗಳ ಬಿದ್ದರೆ ಯಾರನ್ನು ನಂಬಬೇಕು?

*

ಮೊದಲು ಈ ಸಾಫ್ಟ್‌ವೇರ್ ಎಂದರೇನೆಂದು ನೋಡೋಣ. ಹೆಸರುಗಳಿಗೆ ಹೆದರಬೇಕಾಗಿಲ್ಲ. ಉಗ್ರಾಣದಲ್ಲಿ ಎಷ್ಟು ಮಾಲಿದೆ, ಎಷ್ಟು ಮಾರಿತು, ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಸಂಬಳದಲ್ಲಿ ಎಷ್ಟು ಮುರಿಯಬೇಕು, ಇವೆಲ್ಲವನ್ನೂ ಒಂದೇ ಕಡೆ ಬರೆದಿಡುವ ದೊಡ್ಡ ಲೆಕ್ಕದ ಪುಸ್ತಕ ಅದು. ಇಆರ್‌ಪಿ ಎಂದು ಕರೆಯುತ್ತಾರೆ. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಕಟ್ಟಿದ ಸ್ಯಾಪ್ ಎಂಬ ಕಂಪನಿ ಈ ವ್ಯಾಪಾರದಲ್ಲಿ ದೊಡ್ಡದು. 1998ರಿಂದ ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಅಂದರೆ ಜಗತ್ತಿನ ಕಾರ್ಖಾನೆಗಳ ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆಯುವವರಲ್ಲಿ ನಮ್ಮ ನಾಡಿನ ಹುಡುಗ ಹುಡುಗಿಯರೂ ಇದ್ದಾರೆ.

ಲೆಕ್ಕದ ಪುಸ್ತಕ ನಮಗೆ ಹೊಸದಲ್ಲ. ಅದನ್ನು ನಾವು ಕೆಳಗಿನಿಂದ ನೋಡಿದವರು. ಶಾನುಭೋಗರ ಕಡತದಲ್ಲಿ ಯಾರ ಹೆಸರಿದೆಯೋ ಅವರದು ಜಮೀನು. ಉತ್ತವನು ಯಾರು, ಬಿತ್ತಿದವನು ಯಾರು ಎಂಬುದು ಕಡತಕ್ಕೆ ಬೇಕಾಗಿರಲಿಲ್ಲ. ಸಾಹುಕಾರನ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇನ್ನೂರು ಆಗುತ್ತಿತ್ತು. ಓದಲು ಬಾರದ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ, ಮಗ ಜೀತಕ್ಕೆ ಹೋಗುತ್ತಿದ್ದ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ತೆಗೆಯಿತು. ಜೀತವನ್ನು 1976ರ ಕಾಯ್ದೆ ತೆಗೆಯಿತು. ಆದರೆ ಆ ಪುಸ್ತಕ ಕಲಿಸಿದ ಪಾಠ ಮಾತ್ರ ನಮ್ಮ ಮೂಳೆಯಲ್ಲಿ ಉಳಿದಿದೆ: ಬರೆಯುವವನು ಒಬ್ಬ, ತೀರಿಸುವವನು ಇನ್ನೊಬ್ಬ ಆದಾಗ ಬರಹವೇ ಸಂಕೋಲೆಯಾಗುತ್ತದೆ.

ಹಾಗಂತ ನಾವು ಯಂತ್ರದ ವಿರೋಧಿಗಳಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಚರಕ ಹಿಡಿದು ಹಳ್ಳಿಗೆ ಹಿಂತಿರುಗಿ ಎನ್ನುವವರ ಹಳ್ಳಿಯಲ್ಲಿ ನಮ್ಮ ಜಾಗ ಎಲ್ಲಿತ್ತೆಂದು ನಮಗೆ ಗೊತ್ತು. ಬಾಬಾಸಾಹೇಬರು 1945ರಲ್ಲಿ ಪ್ರಕಟಿಸಿದ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನೆಂದು ವಿಚಾರಿಸುವ ಪುಸ್ತಕದಲ್ಲಿ ಯಂತ್ರದ ಪರವಾಗಿಯೇ ವಾದಿಸಿದರು. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಿ ಅವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಕೆಡುಕು ಇರುವುದು ಅದರ ಫಲವನ್ನು ಕೆಲವರೇ ನುಂಗುವಂತೆ ಕಟ್ಟಿದ ಸಮಾಜದಲ್ಲಿ ಎಂಬುದು ಅವರ ನಿಲುವು. ನಮ್ಮ ರಾಜ್ಯದಲ್ಲೇ 'ಭೂಮಿ' ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಪಹಣಿಗಾಗಿ ಒಬ್ಬ ಗ್ರಾಮಲೆಕ್ಕಿಗನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ಎಷ್ಟೋ ಜನಕ್ಕೆ ತಪ್ಪಿತು. ಕಂಪ್ಯೂಟರ್ ಕಾಗದ ಕೊಡುವ ಮುಂಚೆ "ಯಾವ ಕೇರಿಯೋನಯ್ಯ ನೀನು?" ಎಂದು ಕೇಳುವುದಿಲ್ಲ. ಇದು ಸಣ್ಣ ಸಂಗತಿಯಲ್ಲ.

ಆದರೆ ಕೇಳದಿರುವ ಯಂತ್ರ ನ್ಯಾಯವಂತ ಎಂದು ನಂಬಿಬಿಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅದು ನಮ್ಮ ದೇಶದ್ದಲ್ಲ, ನಮ್ಮನ್ನು ಆಳಿದ ದೇಶದ್ದು.

*

ಬ್ರಿಟನ್ನಿನಲ್ಲಿ ಹಳ್ಳಿಗಳ, ಪೇಟೆಬೀದಿಗಳ ಅಂಚೆಕಛೇರಿಗಳನ್ನು ಬಹುಮಟ್ಟಿಗೆ ಸಣ್ಣ ಅಂಗಡಿಕಾರರು ಗುತ್ತಿಗೆಯ ಮೇಲೆ ನಡೆಸುತ್ತಾರೆ. ಅವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎಂದು ಹೆಸರು. 1999ರಿಂದ ಅವರ ಲೆಕ್ಕವನ್ನೆಲ್ಲ 'ಹೊರೈಜನ್' ಎಂಬ ಸಾಫ್ಟ್‌ವೇರಿಗೆ ಹಾಕಲಾಯಿತು. ಕಟ್ಟಿಕೊಟ್ಟದ್ದು ಫುಜಿತ್ಸು ಎಂಬ ಜಪಾನಿ ಕಂಪನಿಯ ಒಡೆತನದ ಸಂಸ್ಥೆ. ಸ್ವಲ್ಪ ದಿನಕ್ಕೇ ಪೆಟ್ಟಿಗೆಯಲ್ಲಿದ್ದ ಹಣಕ್ಕೂ ಪರದೆಯ ಮೇಲಿನ ಹಣಕ್ಕೂ ತಾಳೆಯಾಗದಂತಾಯಿತು. ಕಡಿಮೆ ಬಿದ್ದದ್ದನ್ನು ನೀನೇ ತುಂಬಬೇಕು ಎಂದು ಗುತ್ತಿಗೆಯ ಕರಾರು. ಜನ ತುಂಬಿದರು. ಉಳಿತಾಯ ತೆಗೆದು ತುಂಬಿದರು, ಮನೆ ಅಡವಿಟ್ಟು ತುಂಬಿದರು, ನೆಂಟರಿಷ್ಟರಲ್ಲಿ ಸಾಲ ಮಾಡಿ ತುಂಬಿದರು. ಯಂತ್ರ ಹುಟ್ಟಿಸಿದ, ಇಲ್ಲದ ಸಾಲ ಅದು. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಮೊಕದ್ದಮೆ. 1999ರಿಂದ 2015ರವರೆಗೆ 900ಕ್ಕಿಂತ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅದರಲ್ಲಿ ಹೆಚ್ಚಿನ ಮೊಕದ್ದಮೆಗಳನ್ನು ಹೂಡಿದ್ದು ಪೊಲೀಸರಲ್ಲ, ಪೋಸ್ಟ್ ಆಫೀಸ್ ಕಂಪನಿಯೇ. ದೂರು ಕೊಟ್ಟವನೂ ಅವನೇ, ತನಿಖೆ ಮಾಡಿದವನೂ ಅವನೇ, ಮೊಕದ್ದಮೆ ನಡೆಸಿದವನೂ ಅವನೇ. ಊರಗೌಡನ ಪಂಚಾಯ್ತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯಾಲಯವಾದರೂ ಕೇಳಲಿಲ್ಲವೆ? ಅಲ್ಲೂ ಒಂದು ಕತೆಯಿದೆ. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ಕಲಮು ಇಂಗ್ಲೆಂಡಿನ ಕಾನೂನಿನಲ್ಲಿತ್ತು. 1999ರ ಕಾಯ್ದೆ ಅದನ್ನು ಕಿತ್ತುಹಾಕಿತು. ಅಲ್ಲಿಂದ ಮುಂದೆ, ತಪ್ಪಿದೆ ಎಂದು ಎದುರಿನವನು ತೋರಿಸುವತನಕ ಯಂತ್ರ ಸರಿಯಾಗಿಯೇ ಇದೆ ಎಂದು ಭಾವಿಸುವ ಪದ್ಧತಿ ಬಂತು. ಅಂಗಡಿಯವನಿಗೆ ಆ ಯಂತ್ರದ ಹೊಟ್ಟೆಯೊಳಗೆ ಇಣುಕುವ ದಾರಿ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನ ಮೇಲೂ ಭಂಡಾರದ ಹಣ ತೆಗೆದನೆಂಬ ದೂರು ಬಂತೆಂದು ಪುರಾಣಗಳು ಹೇಳುತ್ತವೆ. ಆತನಿಗೆ ಭಂಡಾರ ತೆರೆಸಿ ರಾಜನ ಮುಂದೆ ಎಣಿಸಿ ತೋರಿಸುವ ಅವಕಾಶವಿತ್ತು. ಇಪ್ಪತ್ತೊಂದನೆಯ ಶತಮಾನದ ಅಂಗಡಿಯವನಿಗೆ ಅಷ್ಟೂ ಇರಲಿಲ್ಲ.

ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಹೆಣ್ಣುಮಗಳು ಸರ್ರೆ ಪ್ರಾಂತ್ಯದಲ್ಲಿ ಅಂಚೆಕಛೇರಿ ನಡೆಸುತ್ತಿದ್ದರು. 2010ರಲ್ಲಿ ಅವರನ್ನು ಜೈಲಿಗೆ ಹಾಕಿದಾಗ ಅವರು ಗರ್ಭಿಣಿ. ಅವತ್ತು ಅವರ ಮೊದಲ ಮಗನಿಗೆ ಹತ್ತು ತುಂಬಿದ ದಿನ. ಇಂಥ ನೂರಾರು ಜನಕ್ಕೆ ಅಧಿಕಾರಿಗಳು ಹೇಳುತ್ತಿದ್ದದ್ದು ಒಂದೇ ಮಾತು: ಈ ತೊಂದರೆ ಬೇರೆ ಯಾರಿಗೂ ಇಲ್ಲ, ನಿನಗೊಬ್ಬಳಿಗೇ, ನಿನಗೊಬ್ಬನಿಗೇ. ಗೆಳೆಯರೆ, ಶೋಷಣೆಯ ಅತ್ಯಂತ ಹಳೆಯ ಮಾತು ಇದು. ನೊಂದವನನ್ನು ಒಂಟಿ ಮಾಡು, ಆಮೇಲೆ ಅವನ ನೋವನ್ನು ಅವನದೇ ತಪ್ಪು ಎಂದು ನಂಬಿಸು.

ಆ ಒಂಟಿತನವನ್ನು ಮುರಿದದ್ದು ಸಂಘಟನೆ. ಅಲನ್ ಬೇಟ್ಸ್ ಎಂಬ ಕೆಲಸ ಕಳೆದುಕೊಂಡ ಸಬ್ ಪೋಸ್ಟ್‌ಮಾಸ್ಟರ್ 2009ರಲ್ಲಿ ನೊಂದವರನ್ನೆಲ್ಲ ಸೇರಿಸಿ ಸಂಘ ಕಟ್ಟಿದರು. 555 ಜನ ಒಟ್ಟಾಗಿ ಮೊಕದ್ದಮೆ ಹೂಡಿದರು. ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆ ರದ್ದು ಮಾಡಿತು. ಅವರಲ್ಲಿ ಸೀಮಾ ಮಿಶ್ರಾ ಒಬ್ಬರು. 2024ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ನೂರಾರು ಜನರ ಶಿಕ್ಷೆಯನ್ನು ಒಂದೇ ಏಟಿಗೆ ಅಳಿಸಿತು. ಆದರೆ ಅಷ್ಟರೊಳಗೆ ಕನಿಷ್ಠ 13 ಜನ ಈ ಕಾರಣಕ್ಕೆ ಪ್ರಾಣ ಕಳೆದುಕೊಂಡಿರಬಹುದೆಂದು ಸರ್ ವಿನ್ ವಿಲಿಯಮ್ಸ್ ವಿಚಾರಣಾ ಆಯೋಗದ 2025ರ ವರದಿ ಹೇಳಿತು. ಕಂಪನಿಯ ಮುಖ್ಯಾಧಿಕಾರಿಯಾಗಿದ್ದವರು 2024ರಲ್ಲಿ ರಾಜಗೌರವದ ಬಿರುದನ್ನು ಕಳೆದುಕೊಂಡರು. ಕೆಳಗಿನವರಿಗೆ ಜೈಲು, ಮೇಲಿನವರಿಗೆ ಬಿರುದಿನ ನಷ್ಟ.

ಎರಡು ಸಂಗತಿಗಳನ್ನು ಇಲ್ಲಿ ಮರೆಯಬಾರದು. ಒಂದು, ಸಾಫ್ಟ್‌ವೇರ್ ಕಂಪನಿಯ ಜನ ದೂರದಿಂದಲೇ ಅಂಗಡಿಗಳ ಲೆಕ್ಕದೊಳಗೆ ಕೈಹಾಕಬಹುದಿತ್ತು. ಹಾಗೆ ಸಾಧ್ಯವೇ ಇಲ್ಲವೆಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳುತ್ತ ಬಂತು. ದೋಷಗಳಿರುವುದು ಮೊದಲಿನಿಂದಲೂ ತಮಗೆ ಗೊತ್ತಿತ್ತೆಂದು ಫುಜಿತ್ಸುವಿನ ಯೂರೋಪಿನ ಮುಖ್ಯಸ್ಥರು 2024ರಲ್ಲಿ ಒಪ್ಪಿಕೊಂಡರು. ಅಂದರೆ 'ಸಿಸ್ಟಮ್' ಎಂಬ ತೆರೆಯ ಹಿಂದೆ ಮನುಷ್ಯರೇ ಕೂತಿದ್ದರು. ಎರಡು, ಆ ಕಂಪನಿಯ ತನಿಖಾಧಿಕಾರಿಗಳಿಗೆ ಕೊಟ್ಟಿದ್ದ ಕಾಗದಪತ್ರದಲ್ಲಿ ಆರೋಪಿಗಳನ್ನು ಜನಾಂಗದ ಮೇಲೆ ವಿಂಗಡಿಸುವ ಪಟ್ಟಿಯಿತ್ತು, ಕರಿಯರಿಗೆ ವಸಾಹತುಶಾಹಿ ಕಾಲದ ಹೀನ ಪದ ಬಳಸಿತ್ತು ಎಂಬುದು 2023ರಲ್ಲಿ ಬಯಲಾಯಿತು. ಕಂಪನಿ ಕ್ಷಮೆ ಕೇಳಿತು. ಯಂತ್ರಕ್ಕೆ ಬಣ್ಣ ಗೊತ್ತಿರಲಿಲ್ಲ ನಿಜ. ಯಂತ್ರ ಹೇಳಿದ್ದನ್ನು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದವರಿಗೆ ಗೊತ್ತಿತ್ತು.

*

ಈಗ ನಮ್ಮ ನಾಡಿಗೆ ಬರೋಣ. 2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆಪಲ್ ಫೋನು ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳಕ್ಕಾಗಿ ಸಿಟ್ಟಿಗೆದ್ದು ಗಾಜು, ಯಂತ್ರ ಒಡೆದರು. ಟೀವಿಯವರು ದಿನವಿಡೀ ಒಡೆದ ಗಾಜು ತೋರಿಸಿದರು. ಆಮೇಲೆ ರಾಜ್ಯದ ಕಾರ್ಖಾನೆ ಇಲಾಖೆ ಹೋಗಿ ನೋಡಿತು. ಕೆಲವೇ ತಿಂಗಳಲ್ಲಿ ಐದು ಸಾವಿರ ಕೆಲಸಗಾರರಿದ್ದದ್ದು ಹತ್ತು ಸಾವಿರ ದಾಟಿತ್ತು. ಪಾಳಿ ಹನ್ನೆರಡು ಗಂಟೆಯದಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ನಡೆಯುತ್ತಿರಲಿಲ್ಲ. ಕೆಲಸದ ಹೊತ್ತಿನ ಲೆಕ್ಕ ಸರಿಯಾಗಿ ಇಡದ ಕಾರಣ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತೆಂದು ಆಪಲ್ ಕಂಪನಿಯೇ ಒಪ್ಪಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷರನ್ನು ತೆಗೆಯಿತು. ಆದರೆ ನೂರಕ್ಕೂ ಹೆಚ್ಚು ಹುಡುಗರು ಅಷ್ಟರಲ್ಲಿ ಬಂಧನಕ್ಕೆ ಒಳಗಾಗಿದ್ದರು. ಒಡೆದ ಸಾಮಾನಿನ ಲೆಕ್ಕ ಕೆಲವೇ ದಿನದಲ್ಲಿ 437 ಕೋಟಿ ಎಂದು ದೂರಿನಲ್ಲಿ ಬಂತು. ಆಮೇಲೆ ಕಂಪನಿಯೇ ಅದನ್ನು ಎಷ್ಟೋ ಪಾಲು ತಗ್ಗಿಸಿ ಹೇಳಿತು. ದುಡಿದ ಗಂಟೆಗಳ ಲೆಕ್ಕ ಮಾತ್ರ ಎರಡು ತಿಂಗಳಾದರೂ ಆಗಿರಲಿಲ್ಲ.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬ್ರಿಟನ್ನಿನಲ್ಲಿ ಪುಸ್ತಕ ತಪ್ಪು ಬರೆಯಿತು, ಕೆಳಗಿದ್ದವನು ಕಳ್ಳನಾದ. ನರಸಾಪುರದಲ್ಲಿ ಪುಸ್ತಕ ಬರೆಯಬೇಕಾದ್ದನ್ನು ಬರೆಯಲಿಲ್ಲ, ಕೆಳಗಿದ್ದವನು ಹಸಿದ, ಕೊನೆಗೆ ದೊಂಬಿಕೋರನಾದ. ತಪ್ಪು ಎಲ್ಲಿ ಹುಟ್ಟಿದರೂ ನಷ್ಟ ಮಾತ್ರ ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಯಂತ್ರಕ್ಕೆ ಮೇಲು ಕೀಳು ಇಲ್ಲ ಎನ್ನುವವರು ಇದನ್ನು ಗಮನಿಸಬೇಕು. ಯಂತ್ರವನ್ನು ನೆಟ್ಟಿರುವ ನೆಲವೇ ಇಳಿಜಾರಾಗಿದೆ.

*

ಇಲ್ಲಿಯವರೆಗೆ ಹೇಳಿದ್ದು ಕೂಡಿಸಿ ಕಳೆಯುವ ಯಂತ್ರದ ಮಾತು. ಕೃತಕ ಬುದ್ಧಿಮತ್ತೆಯದು ಇನ್ನೊಂದು ಹೆಜ್ಜೆ ಮುಂದೆ. ಅದು ಹಳೆಯ ಕಡತಗಳನ್ನು ರಾಶಿ ರಾಶಿ ಓದಿ, ಅವುಗಳಲ್ಲಿರುವ ರೂಢಿಯನ್ನು ಹಿಡಿದುಕೊಂಡು, ಮುಂದಿನದನ್ನು ಊಹಿಸುತ್ತದೆ. ರೂಢಿ ಎಂದೊಡನೆ ನಮ್ಮ ಕಿವಿ ನೆಟ್ಟಗಾಗಬೇಕು. ಯಾರ ರೂಢಿ?

ಅಮೆಜಾನ್ ಕಂಪನಿ 2014ರಿಂದ ಉದ್ಯೋಗದ ಅರ್ಜಿಗಳಿಗೆ ಅಂಕ ಕೊಡುವ ಇಂಥ ಯಂತ್ರವೊಂದನ್ನು ತಯಾರಿಸಲು ಹೊರಟಿತ್ತು. ಹತ್ತು ವರ್ಷದ ಹಳೆಯ ಅರ್ಜಿಗಳನ್ನು ಅದಕ್ಕೆ ಓದಿಸಿದರು. ಅವುಗಳಲ್ಲಿ ಬಹುಪಾಲು ಗಂಡಸರವು. ಗಂಡಸರೇ ಯೋಗ್ಯರು ಎಂದು ಯಂತ್ರ ಕಲಿತುಕೊಂಡಿತು. ಮಹಿಳಾ ಎಂಬ ಪದ ಅರ್ಜಿಯಲ್ಲೆಲ್ಲಾದರೂ ಬಂದರೆ ಅಂಕ ಕಡಿಮೆ ಮಾಡತೊಡಗಿತು. ತಿದ್ದಲು ನೋಡಿದರು, ನಂಬಿಕೆ ಬರಲಿಲ್ಲ, ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ಹೊರಗೆಡವಿತು. ಅಭ್ಯರ್ಥಿಗಳನ್ನು ಅಳೆಯಲು ಅದನ್ನು ಬಳಸಿರಲಿಲ್ಲವೆಂದು ಕಂಪನಿ ಹೇಳಿತು. ಇರಲಿ. ಪಾಠ ಮಾತ್ರ ಉಳಿಯಿತು.

ಈ ಪಾಠವನ್ನು ನಮ್ಮ ಕಡೆಗೆ ತಿರುಗಿಸಿ. ಖಾಸಗಿ ಕಂಪನಿಗಳಿಗೆ ಒಂದೇ ಯೋಗ್ಯತೆಯ ಅರ್ಜಿಗಳನ್ನು ಬೇರೆ ಬೇರೆ ಕುಲದ ಹೆಸರುಗಳಲ್ಲಿ ಕಳಿಸಿ ನೋಡಿದ ಸಂಶೋಧನೆಯನ್ನು ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರಿದ್ದವರಿಗೆ ಬಂದಷ್ಟು ಕರೆ ದಲಿತ ಹೆಸರಿದ್ದವರಿಗೆ, ಮುಸ್ಲಿಂ ಹೆಸರಿದ್ದವರಿಗೆ ಬರಲಿಲ್ಲ. ಇಂಥ ಕಂಪನಿಗಳ ಕಡತವನ್ನು ಓದಿ ಬೆಳೆದ ಯಂತ್ರ ಏನು ಕಲಿತೀತು? ಅದಕ್ಕೆ ಜಾತಿಯ ಕಾಲಮ್ಮು ಬೇಕಿಲ್ಲ. ಹೆಸರಿದೆ, ಊರಿದೆ, ಓದಿದ ಶಾಲೆಯಿದೆ, ಕನ್ನಡ ಮಾಧ್ಯಮ ಎಂಬ ಎರಡು ಪದವಿದೆ. ನಮ್ಮ ಊರುಗಳಲ್ಲಿ ಹೆಸರು ಕೇಳಿ, ಕೇರಿ ಕೇಳಿ, ಮಾತಿನ ಧಾಟಿ ಕೇಳಿ ಜಾತಿ ಹಿಡಿಯುತ್ತಿದ್ದವರ ಜಾಣತನ ಅಲ್ಲಿ ಸದ್ದಿಲ್ಲದೆ ನಡೆಯಬಹುದು. ಹಳೆಯ ದಲ್ಲಾಳಿ ಮುಖ ಸಿಂಡರಿಸುತ್ತಿದ್ದ, ನಮಗೆ ಗೊತ್ತಾಗುತ್ತಿತ್ತು. ಈ ದಲ್ಲಾಳಿಗೆ ಮುಖವೇ ಇಲ್ಲ. ಯಾಕೆ ತಿರಸ್ಕರಿಸಿದೆ ಎಂದು ಕೇಳಿದರೆ ಅದನ್ನು ಮಾಡಿದವನಿಗೂ ಎಷ್ಟೋ ಸಲ ಕಾರಣ ತಿಳಿಯುವುದಿಲ್ಲ. ಮನು ಕಾರಣ ಬರೆದಿಟ್ಟಿದ್ದ, ಆದ್ದರಿಂದ ಅವನನ್ನು ಸುಡಲು ಬಂತು. ಬರೆಯದೆ ಇರುವ ಮನುವನ್ನು ಸುಡುವುದು ಎಲ್ಲಿ?

*

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಮನುಷ್ಯರೇನು ಕಡಿಮೆ ಕೇಡಿಗರೆ? ಮೇಸ್ತ್ರಿ, ಮ್ಯಾನೇಜರು, ಗುಮಾಸ್ತ ಇವರ ಪೂರ್ವಗ್ರಹಕ್ಕಿಂತ ಯಂತ್ರದ ತಪ್ಪೇ ವಾಸಿಯಲ್ಲವೆ? ಆಕ್ಷೇಪ ನ್ಯಾಯವಾದದ್ದು. ಮೇಸ್ತ್ರಿಯ ಕೈಯಲ್ಲಿ ನೊಂದವರು ನಾವು, ಅವನ ಪರ ವಕಾಲತ್ತು ವಹಿಸುವುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಮನುಷ್ಯನ ಎದುರು ನಿಂತು "ಯಾಕಪ್ಪಾ?" ಎಂದು ಕೇಳಬಹುದು. ಅವನನ್ನು ನಾಚಿಸಬಹುದು, ಮುತ್ತಿಗೆ ಹಾಕಬಹುದು, ಕಟಕಟೆಗೆ ಎಳೆಯಬಹುದು. ನಮ್ಮ ಹೋರಾಟಗಳೆಲ್ಲ ನಡೆದದ್ದು ಈ ಒಂದು ನಂಬಿಕೆಯ ಮೇಲೆ: ಅನ್ಯಾಯಕ್ಕೆ ಹೆಸರು, ವಿಳಾಸ ಇರುತ್ತದೆ. ಯಂತ್ರದ ಅಪಾಯ ಇರುವುದು ಅದರ ತಪ್ಪಿಗಿಂತ ಹೆಚ್ಚಾಗಿ ಅದು ವಿಳಾಸ ಅಳಿಸಿಹಾಕುವುದರಲ್ಲಿ.

ಆದ್ದರಿಂದ ನಾವು ಕೇಳಬೇಕಾದದ್ದು ವಿಳಾಸವನ್ನು. ಯಂತ್ರ ಇಟ್ಟುಕೊಂಡು ಲಾಭ ತಿನ್ನುವವನೇ ಅದರ ತಪ್ಪಿಗೂ ಹೊಣೆ. ದುಡಿಯುವವನ ಮೇಲೆ ಯಂತ್ರ ಬರೆದದ್ದನ್ನು ದುಡಿಯುವವನು ತನ್ನ ಭಾಷೆಯಲ್ಲಿ ಓದುವಂತಿರಬೇಕು, ಇದು ಸುಳ್ಳು ಎಂದು ಹೇಳುವಂತಿರಬೇಕು. ಹಾಗೆ ಹೇಳಿದಾಗ ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇರಬೇಕು. ಸುಳ್ಳಲ್ಲ ಎಂದು ರುಜುವಾತು ಮಾಡುವ ಭಾರ ಯಂತ್ರದ ಒಡೆಯನ ಮೇಲಿರಬೇಕು. ಇದು ಆಗದ ಮಾತೇನಲ್ಲ. ಮನೆ ಮನೆಗೆ ಊಟ ತಲುಪಿಸುವ, ಆಟೋ, ಟ್ಯಾಕ್ಸಿ ಓಡಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯ್ದೆಯಲ್ಲಿ ಇದರ ಮೊಳಕೆ ಇದೆ. ಕೆಲಸ, ಕೂಲಿ, ಅಂಕಗಳನ್ನು ನಿರ್ಧರಿಸುವ ತಂತ್ರಾಂಶ ಯಾವ ಆಧಾರದ ಮೇಲೆ ನಡೆಯುತ್ತದೆಂದು ಕೇಳಿ ತಿಳಿಯುವ ಹಕ್ಕನ್ನು ಅದು ಒಪ್ಪಿದೆ; ಕೆಲಸದಿಂದ ತೆಗೆಯಬೇಕಾದರೆ ಸಾಮಾನ್ಯವಾಗಿ ಕಾರಣ ಬರೆದುಕೊಟ್ಟು 14 ದಿನದ ಮುನ್ಸೂಚನೆ ಕೊಡಬೇಕೆಂದಿದೆ. ಕಾಗದದ ಮೇಲಿನ ಹಕ್ಕು ಬೀದಿಗೆ ಬರಬೇಕಾದರೆ ಸಂಘಟನೆ ಬೇಕೆಂಬುದು ನಮಗೆ ಜಮೀನಿನ ಕಾಯ್ದೆಗಳಿಂದಲೇ ಗೊತ್ತು.

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ನಮ್ಮ ತಲೆಮಾರಿನ ಕೆಲವರು ಇವತ್ತು ಈ ಲೆಕ್ಕದ ಪುಸ್ತಕಗಳನ್ನು ಕಟ್ಟುವ ಕಂಪನಿಗಳಲ್ಲೇ ಕೂತಿದ್ದೇವೆ. ಆ ಕುರ್ಚಿ ಸುಮ್ಮನೆ ಸಿಕ್ಕದ್ದಲ್ಲ. ಎಷ್ಟು ಜನ ಕೂಲಿ ಮಾಡಿ, ಎಷ್ಟು ಹಾಸ್ಟೆಲುಗಳಲ್ಲಿ ಅರೆಹೊಟ್ಟೆ ಉಂಡು ಸಿಕ್ಕದ್ದು. ಹೊರೈಜನ್ನಿನ ದೋಷ ಗೊತ್ತಿದ್ದೂ ಸುಮ್ಮನಿದ್ದ ಎಂಜಿನಿಯರುಗಳು ರಾಕ್ಷಸರೇನಾಗಿರಲಿಲ್ಲ, ತಿಂಗಳ ಸಂಬಳದವರು. ಅಂಥ ಮೌನ ನಮಗೆ ಬೇಡ. ಶಾನುಭೋಗನ ಜಾಗದಲ್ಲಿ ನಾವು ಕೂರುವುದರಿಂದಲೇ ಶಾನುಭೋಗಿಕೆ ಸಾಯುವುದಿಲ್ಲ, ಪುಸ್ತಕವನ್ನು ಎಲ್ಲರೆದುರು ಬಿಚ್ಚಿದಾಗ ಸಾಯುತ್ತದೆ.

ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳೇ, ಕಂಪ್ಯೂಟರ್ ಕೋಣೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗುಂಡಿ ಒತ್ತುವುದನ್ನು ಕಲಿಸಿ, ಅದು ಬೇಕು. ಅದರ ಜೊತೆಗೆ ಪರದೆಯ ಮೇಲೆ ಬಂದದ್ದಕ್ಕೆ "ಇದನ್ನು ಬರೆದವರು ಯಾರು?" ಎಂದು ಕೇಳುವುದನ್ನೂ ಕಲಿಸಿ. ಹಣೆಬರಹಕ್ಕೆ ಆ ಪ್ರಶ್ನೆ ಹಾಕಿದ ದಿನವೇ ನಮ್ಮ ಜನ ತಲೆ ಎತ್ತಿದ್ದು.